ಕರಗದ ಚಾಕೊಲೇಟ್ ನಕ್ಷತ್ರಗಳು

"ಡೆಲ್ಮರ್ ಕಳ್ಳ ಅಂತ ಬಾಯಲ್ಲಿ ಆಡಿಕೊಳ್ಳೋದು ಬೇರೆ. ಬರೆದೇ ಕಳಿಸಿಬಿಟ್ರಾ?" ಎಂದು ಸಿಗ್ರಿಡ್ ಕೇಳಿದಾಗ ಲೊರೇನ್ ಕಾಫಿ ಬಗ್ಗಿಸಿದಳು. ದೂರು ಕೊಟ್ಟವಳು ಎದುರಿಗೆ ಕೂತಿದ್ದ ಇರ್ಮಾ. ಆದರೆ ಅದನ್ನು ಚೆಂದವಾಗಿ ಟೈಪ್ ಮಾಡಿಕೊಟ್ಟವಳು ಲೊರೇನ್.

ಇರ್ಮಾ ಹಳೆಯ ವಾದ್ಯಗಳನ್ನು ರಿಪೇರಿ ಮಾಡಿ ಆನ್‌ಲೈನಿನಲ್ಲಿ ಮಾರುವವಳು. ಕುವೈತಿನಲ್ಲಿದ್ದೇನೆಂದ ಟ್ರೆಂಟ್ ಎಂಬ ಸೈನಿಕನಿಗೆ ನಾಲ್ಕು ಸಾವಿರ ಡಾಲರಿನ ಬೆಳ್ಳಿ ಕೊಳಲೊಂದನ್ನು ಸೇನಾ ಅಂಚೆಯ ವಿಳಾಸಕ್ಕೆ ಕಳಿಸಿದ್ದಳು. ಮೂರು ವಾರಕ್ಕೆ ಅವನಿಂದ ದೂರು ಬಂತು: 'ಪೆಟ್ಟಿಗೆ ಇಂದು ಮರಳುಗಾಡಿನ ನಮ್ಮ ಶಿಬಿರಕ್ಕೆ ತಲುಪಿತು. ಕೊಳಲು ಇರಲಿಲ್ಲ. ಕಾಗದದ ಉಂಡೆ, ಸಿಹಿ ಅಷ್ಟೇ.' ಜೊತೆಗೊಂದು ಫೋಟೋ. ಮಾರಾಟದ ಜಾಲತಾಣ ಅವನ ಮಾತನ್ನೇ ನಂಬಿ ಇರ್ಮಾಳ ಹಣ ಹಿಂದಕ್ಕೆಳೆದು ಅವನಿಗೆ ಕೊಟ್ಟಿತು.

ಸೇನೆಯ ಅಂಚೆಯನ್ನು ವಿಂಗಡಿಸುವ ಶಿಕಾಗೋ ದಾಟಿದ ಮೇಲೆ ಪಾರ್ಸೆಲ್ ಎಲ್ಲಿದೆಯೆಂದು ಕಂಪ್ಯೂಟರು ತೋರಿಸುವುದಿಲ್ಲ. ಕಾಣದ ಕಳ್ಳನನ್ನು ಬೈಯುವುದು ಹೇಗೆ? ಕಣ್ಣಿಗೆ ಕಂಡವನು ಊರಿನ ಅಂಚೆ ಗುಮಾಸ್ತ ಡೆಲ್ಮರ್ ಒಬ್ಬನೇ. ಒಳಗಿನ ವಸ್ತು, ಅದರ ಬೆಲೆ ಎರಡನ್ನೂ ಪೆಟ್ಟಿಗೆಯ ಮೇಲೆಯೇ ಬರೆಯಬೇಕೆಂಬುದು ನಿಯಮ. ಅದನ್ನು ಗಟ್ಟಿಯಾಗಿ ಓದಿ, ಸಡಿಲವಾಗಿದ್ದ ಮೂಲೆಗೆ ತನ್ನ ಟೇಪು ಅಂಟಿಸಿದವನು ಅವನೇ. ಇರ್ಮಾಳ ದೂರು ಹೋದ ಸೋಮವಾರವೇ, ವಿಚಾರಣೆಯಾಗುವವರೆಗೆ ಎಂದು, ಇಪ್ಪತ್ತೆರಡು ವರ್ಷದ ಕೆಲಸದಿಂದ ಅವನನ್ನು ಮನೆಗೆ ಕಳಿಸಿದರು.

ಸಿಗ್ರಿಡ್ ಸೇನಾ ಅಂಚೆಯಲ್ಲಿ ಸಾರ್ಜೆಂಟ್ ಆಗಿದ್ದವಳು. ನಿವೃತ್ತಿಯ ಮೇಲೆ ಈ ಮಿನೆಸೋಟಾದ ಊರಲ್ಲಿ ಏನು ಕಳೆದುಹೋದರೂ ಜನ ಅವಳ ಮೆಟ್ಟಿಲು ಹತ್ತುತ್ತಿದ್ದರು. ಜೊತೆಗಾತಿಯಾಗಿ ಅದೇ ಮನೆಯಲ್ಲಿದ್ದ ಲೊರೇನ್ ಕಾಫಿ ಮಾಡಿ ಮಾಡಿ ಸುಸ್ತಾಗಿದ್ದಳು.

ಸಿಗ್ರಿಡ್ ಭೂತಗನ್ನಡಿ ಹಿಡಿದು ಫೋಟೋ ನೋಡಿದಳು. "ಈ ಸಿಹಿ ಏನಿದು?"

"ಚಾಕೊಲೇಟು. ಸೈನಿಕರಿಗೆ ಏನು ಕಳಿಸಿದ್ರೂ ಒಂದು ಹಿಡಿ ಹಾಕ್ತೀನಿ. ನಾನೇ ಮಾಡೋದು, ನಕ್ಷತ್ರದ ಅಚ್ಚು ನಮ್ಮಮ್ಮಂದು."

"ಕಳಿಸಿದ್ದು ಜುಲೈಯಲ್ಲಿ ತಾನೆ?"

"ಎರಡನೇ ತಾರೀಕು. ಯಾಕೆ?"

ಸಿಗ್ರಿಡ್ ಎದ್ದು ಎರಡು ಕಡೆ ಫೋನ್ ಮಾಡಿದಳು. ಮರುದಿನ ಬೆಳಿಗ್ಗೆ ಚರ್ಚಿನ ನೆಲಮಾಳಿಗೆಗೆ ಡೆಲ್ಮರನನ್ನೂ ಪೋಸ್ಟ್‌ಮಾಸ್ಟರ್ ಗೇಲಳನ್ನೂ ಕರೆಸಿದಳು. ಇರ್ಮಾ ಬರಿಗೈಯಲ್ಲಿ ಬರಲಾಗದೆ ಒಂದು ತಟ್ಟೆ ಚಾಕೊಲೇಟ್ ನಕ್ಷತ್ರ ತಂದಿದ್ದಳು. ಡೆಲ್ಮರ್ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಯಾರ ಮುಖವನ್ನೂ ನೋಡದೆ ಕೂತ.

"ಮೊದಲು ತೂಕ," ಎಂದಳು ಸಿಗ್ರಿಡ್. "ಇಲ್ಲಿ ಎಷ್ಟು ತೂಗಿತ್ತೋ ಶಿಕಾಗೋದಲ್ಲೂ ಅಷ್ಟೇ ತೂಗಿದೆ, ಫೋನ್ ಮಾಡಿ ಕೇಳಿದೆ. ಡೆಲ್ಮರ್ ಕೊಳಲು ತೆಗೆದಿದ್ರೆ ಬದಲಿಗೆ ಕಲ್ಲೋ ಕಬ್ಬಿಣವೋ ತುಂಬಬೇಕಿತ್ತು. ಫೋಟೋದಲ್ಲಿ ಅಂಥದ್ದೇನೂ ಇಲ್ಲ. ಟ್ರೆಂಟೇ ಬರೆದಿದ್ದಾನಲ್ಲ, ಕಾಗದ, ಸಿಹಿ ಅಷ್ಟೇ ಅಂತ."

"ಹಾಗಾದ್ರೆ ಶಿಕಾಗೋ ಆದ್ಮೇಲೆ ಯಾರೋ..." ಎಂದಳು ಗೇಲ್.

"ಫೋಟೋದಲ್ಲಿರೋ ಈ ನಕ್ಷತ್ರಗಳನ್ನ ನೋಡಿ. ಐದೂ ಮೂಲೆ ಸೂಜಿ ಹಾಗಿವೆ. ನಾನು ಅಲ್ಲಿದ್ದಾಗ ಜುಲೈಯಲ್ಲಿ ಕುವೈತಿನ ಬಿಸಿಲಿಗೆ ನಮ್ಮ ಅಂಚೆ ಚೀಲದಲ್ಲಿದ್ದ ಮೇಣದಬತ್ತಿಗಳೇ ಮುದ್ದೆ ಆಗ್ತಿದ್ವು. ಚಾಕೊಲೇಟ್ ಉಳಿಯುತ್ತಾ? ಈ ಪೆಟ್ಟಿಗೆ ಮರಳುಗಾಡಿಗೆ ಹೋಗೇ ಇಲ್ಲ. ಅವನ ತುಕಡಿ ಜೂನಲ್ಲೇ ವಾಪಸ್ ಬಂದಿದೆ, ವಿಚಾರಿಸಿದೆ. ಅಂಥವರ ಅಂಚೆಯನ್ನ ಶಿಕಾಗೋದಿಂದಲೇ ಇಲ್ಲಿ ದೇಶದೊಳಗಿರೋ ಅವರ ಶಿಬಿರಕ್ಕೆ ತಿರುಗಿಸ್ತಾರೆ. ಟ್ರೆಂಟ್ ಉತ್ತರದ ಆ ಶಿಬಿರದ ತಂಪಲ್ಲಿ ಕೂತು ಪೆಟ್ಟಿಗೆ ಬಿಚ್ಚಿ, ಕೊಳಲು ಎತ್ತಿಟ್ಟು, ಫೋಟೋ ತೆಗೆದ."

"ಕುವೈತ್ ಅಂತ ಯಾಕೆ ಸುಳ್ಳು ಹೇಳ್ಬೇಕು?" ಇರ್ಮಾ ಕೇಳಿದಳು.

"ಇಲ್ಲಿನ ವಿಳಾಸ ಕೊಟ್ಟಿದ್ರೆ ತಲುಪಿದ್ದಕ್ಕೆ ನೀನು ಸಹಿ ಕೇಳ್ತಿದ್ದೆ. ದೂರದ ಸೈನಿಕ ಅಂದ್ರೆ ಯಾರೂ ಏನೂ ಕೇಳಲ್ಲ. ನೀನು ಕೇಳಿದ್ಯಾ?"

"ಕ್ಷೇಮವಾಗಿ ಬಾ ಮಗನೇ ಅಂತ ಚೀಟಿ ಬರೆದಿಟ್ಟಿದ್ದೆ," ಎಂದು ಇರ್ಮಾ ಅತ್ತಳು.

ಅಲ್ಲಿಂದಲೇ ಜಾಲತಾಣಕ್ಕೆ ಎಲ್ಲವನ್ನೂ ಬರೆದರು. 'ಈ ಪ್ರಕರಣ ಮುಗಿದಿದೆ' ಎಂದು ನಿಮಿಷದೊಳಗೆ ಯಂತ್ರದ ಉತ್ತರ ಬಂತು. ಶಿಬಿರಕ್ಕೆ ಫೋನ್ ಮಾಡಿದರೆ, ಖಾಸಗಿ ವ್ಯಾಪಾರ, ನಮಗೆ ಸಂಬಂಧವಿಲ್ಲ ಎಂದರು. ಕಳ್ಳ ಯಾರೆಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು, ಯಾರ ಕೈಯಲ್ಲೂ ಏನೂ ಆಗಲಿಲ್ಲ.

"ಡೆಲ್ಮರ್‌ನಾದ್ರೂ ವಾಪಸ್ ಕರ್ಕೊಳ್ಳಿ," ಎಂದಳು ಲೊರೇನ್.

ಗೇಲ್ ತಲೆ ತಗ್ಗಿಸಿದಳು. "ದೂರು ಮೇಲಿನ ಕಚೇರಿಗೆ ಹೋಗಿ ಆಯ್ತು. ವಿಚಾರಣೆ ಮುಂದಿನ ವರ್ಷದ ವಸಂತಕ್ಕೆ. ಇವನ ನಿವೃತ್ತಿ ಈ ಸೆಪ್ಟೆಂಬರಿಗೇ."

ಲೊರೇನ್ ಎದ್ದು ಡೆಲ್ಮರನ ಮುಂದೆ ನಿಂತಳು. "ಆ ಕಾಗದ ಟೈಪ್ ಮಾಡಿದ್ದು ನಾನು, ಡೆಲ್ಮರ್. ಅದನ್ನ ಹಿಂದಕ್ಕೆ ತಗೊಳ್ತೀವಿ ಅಂತ ಈಗಲೇ ಬರೆದುಕೊಡ್ತೀನಿ. ಯಾವ ಫಾರಂ ಹೇಳು."

ಡೆಲ್ಮರ್ ಅಂದು ಮೊದಲ ಸಲ ಅವಳ ಮುಖ ನೋಡಿದ. ದನಿಯಲ್ಲಿ ಕೋಪವಿರಲಿಲ್ಲ, ಅಂಚೆ ಕಚೇರಿಯ ಕಿಟಕಿಯಾಚೆಗೆ ಕೂತು ಮಾತಾಡುತ್ತಿದ್ದ ಹಾಗೆಯೇ ಹೇಳಿದ.

"ಅದಕ್ಕೆ ಫಾರಂ ಇಲ್ಲಮ್ಮ. ಇಪ್ಪತ್ತೆರಡು ವರ್ಷ ಎಲ್ಲಾ ಫಾರಂ ಕೊಟ್ಟವನು ನಾನೇ ಅಲ್ವಾ. ಇದ್ದಿದ್ರೆ ತಂದುಕೊಡ್ತಿದ್ದೆ."

ಅವನು ಟೋಪಿ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದ. ಇರ್ಮಾಳ ತಟ್ಟೆಗೆ ಯಾರೂ ಕೈ ಹಾಕಿರಲಿಲ್ಲ.