ಬಿಚ್ಚದ ಪೆನ್ನಿ ಕಟ್ಟು

1999ರಲ್ಲಿ ಅಮೆರಿಕದ ಸ್ಯಾನ್ ಹೋಸೆಯ ನಾಣ್ಯ ಮೇಳದಲ್ಲಿ, 1972ರಿಂದ ಯಾರೂ ಬಿಚ್ಚದ ಐವತ್ತು ಪೆನ್ನಿಗಳ, ಅಂದರೆ ಲಿಂಕನ್ನನ ಮುಖವಿರುವ ಒಂದು ಸೆಂಟ್ ನಾಣ್ಯಗಳ, ಕಟ್ಟು ಕೊಂಡಾಗ ಮಗಳು ತನ್ವಿಗೆ ಮಾತು ಕೊಟ್ಟಿದ್ದೆ.

“ಅಪ್ಪ, ನಾನಿಲ್ದೆ ಓಪನ್ ಮಾಡ್ಬಾರ್ದು.”

“ಇಲ್ಲಮ್ಮ. ನೀನು ನಾಣ್ಯದ ಅಂಚು ಹಿಡಿಯೋದು ಕಲಿ.”

ಅಕ್ಷರಗಳು ತಪ್ಪಾಗಿ ಎರಡೆರಡಾಗಿ ಅಚ್ಚಾದ ಅಪರೂಪದ ಪೆನ್ನಿ ಹುಡುಕುವ ಆತುರದಲ್ಲಿ ಅವಳು ಸದಾ ಲಿಂಕನ್ನನ ಮುಖದ ಮೇಲೇ ಹೆಬ್ಬೆರಳು ಒತ್ತುತ್ತಿದ್ದಳು. ಅಲ್ಲಿ ತಾಮ್ರ ಕಪ್ಪಾಗುತ್ತಿತ್ತು.

ಆ ಚಳಿಗಾಲ ಜ್ವರದಲ್ಲಿ ತನ್ವಿ ಹೋದಳು.

ಮರುವರ್ಷ ಅವಳ ಹುಟ್ಟುಹಬ್ಬದ ಮಧ್ಯಾಹ್ನ, ತಡೆಯಲಾರದೆ ಕಟ್ಟು ಬಿಚ್ಚಿದೆ. ನಲವತ್ತೊಂಬತ್ತು ಪೆನ್ನಿಗಳು ಕೆಂಪಗೆ, ತಣ್ಣಗಿದ್ದವು. ನಡುವಿನ ಒಂದನ್ನು ಹೆಂಡತಿ ನಿರುಪಮಾ ಮುಟ್ಟಿದಳು.

“ರೀ, ಇದು ಬೆಚ್ಚಗಿದೆ.”

ಅದರ ಅಕ್ಷರಗಳು ಎರಡೆರಡಾಗಿದ್ದವು. ಲಿಂಕನ್ನನ ಮುಖದ ಮೇಲೆ ಪುಟ್ಟ ಹೆಬ್ಬೆರಳಿನ ಕಪ್ಪು ಗುರುತಿತ್ತು.

ಮಾತು ತಪ್ಪುತ್ತಿದ್ದೇನೆಂದು ಗೊತ್ತಿದ್ದೇ ಅವಳಿಲ್ಲದೆ ಬಿಚ್ಚಿದ್ದೆ. ಮಾತು ಉಳಿಯಿತು.