ಸೋಮವಾರದ ಮೊಹರು

ಹದಿನಾಲ್ಕನೇ ತಾರೀಕು, ಮಂಗಳವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಬ್ರಾಡ್‌ಬ್ಯಾಂಡ್ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದ. ಹಿಂದಿನ ದಿನ ಮಧ್ಯಾಹ್ನ ಎರಡೂಕಾಲಕ್ಕೆ ಯಾರೋ ಹೊಸ ಟವರಿನ ಕೇಬಲ್‌ಗಳನ್ನೂ ಜನರೇಟರಿನ ತಂತಿಯನ್ನೂ ಕತ್ತರಿಸಿದ್ದಾರೆಂದು ದೂರು ಕೊಟ್ಟ. ಅರ್ಧ ಊರಿನ ಇಂಟರ್ನೆಟ್ ನಿಂತಿತ್ತು. ಮೇಲಿನಿಂದ ಮೂರು ಫೋನ್ ಬಂದವು, ಹತ್ತೇ ನಿಮಿಷದಲ್ಲಿ ಎಫ್‌ಐಆರ್ ಆಯಿತು. ಬಡವನ ಸೈಕಲ್ ಕಳೆದರೆ ಇದೇ ಕೆಲಸಕ್ಕೆ ಮೂರು ದಿನ ಹಿಡಿಯುತ್ತದೆ.

ಹನ್ನೊಂದೂವರೆಗೆ ಇನ್ಸ್‌ಪೆಕ್ಟರ್, ಎಲ್ಲರೂ ಮೀಸೆ ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲ್ ಜೊತೆ ಸ್ಥಳಕ್ಕೆ ಹೋದರು. ಟವರ್ ಎರಡು ಮನೆಗಳ ನಡುವಿನ ಇಕ್ಕಟ್ಟಿನಲ್ಲಿತ್ತು. ಜನರೇಟರಿನಿಂದ ಒಂದು ಮನೆಯ ಮಲಗುವ ಕೋಣೆಯ ಕಿಟಕಿಗೆ ಮೂರೇ ಅಡಿ. ಪಂಚನಾಮೆ ಬರೆಯುತ್ತಿದ್ದ ಮೀಸೆಯ ಪೆನ್ನು ನಿಂತಿತು. ಕತ್ತರಿಸಿದ ತುದಿಗಳನ್ನು ಯಾರ ಕಾಲಿಗೂ ತೊಡರದಂತೆ ಒಟ್ಟುಗೂಡಿಸಿ ಕಟ್ಟಲಾಗಿತ್ತು. ಕಟ್ಟಿದ್ದು ಕಚೇರಿಯ ಫೈಲುಗಳಿಗೆ ಹಾಕುವ ಹಸಿರು ಟ್ಯಾಗಿನಿಂದ.

"ಕಳ್ಳರು ಇಷ್ಟು ಅಚ್ಚುಕಟ್ಟಾಗಿರಲ್ಲ ಮೇಡಂ. ಯಾರೋ ಸರ್ಕಾರಿ ಸಂಬಳದೋರು," ಅಂದ ಮೀಸೆ.

ಕಿಟಕಿಯ ಮನೆಯಲ್ಲಿದ್ದವಳು ಬಟ್ಟೆ ಹೊಲಿಯುವ ಒಬ್ಬ ವಯಸ್ಸಾದ ಹೆಂಗಸು. ಕಿಟಕಿಯ ಸಂದಿಗೆಲ್ಲ ಚಿಂದಿ ತುರುಕಿದ್ದಳು. ಟವರ್ ಬಂದ ನಾಲ್ಕು ತಿಂಗಳಿಂದ ಜನರೇಟರಿನ ಸದ್ದಿಗೆ ನೆಟ್ಟಗೆ ನಿದ್ದೆ ಮಾಡಿಲ್ಲವೆಂದಳು. ಪುರಸಭೆಯ ಯೋಜನಾ ವಿಭಾಗದಲ್ಲಿ ಟಪಾಲು ಗುಮಾಸ್ತನಾಗಿರುವ ತಮ್ಮ ಇದೇ ಮನೆಯ ಮುಂದಿನ ಕೋಣೆಯಲ್ಲಿ ವಾಸವಾಗಿದ್ದ. ಅವನ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಮುಖ ತಿರುಗಿಸುತ್ತಿದ್ದಳು. ನಾಲ್ಕು ತಿಂಗಳಿಂದ ಮಾತಿಲ್ಲ.

"ದುಡ್ಡು ತಿಂದು ನನ್ನ ಕಿಟಕಿ ಮಾರ್ಕೊಂಡ. ಇಡೀ ಬೀದಿಗೆ ಗೊತ್ತು."

ಮೂರು ಗಂಟೆಗೆ ಪುರಸಭೆ. ಎಲ್ಲಿ ಏನು ಕಟ್ಟಬೇಕೆಂಬುದನ್ನು ಮೊದಲು ಪುರಸಭೆಯೇ ಹೇಳುತ್ತಿತ್ತು ಎಂದು ಯೋಜನಾಧಿಕಾರಿ ವಿವರಿಸಿದರು. ಹೊಸ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಅರ್ಜಿ ಹಾಕಿದ ಅರವತ್ತು ದಿನದೊಳಗೆ ಉತ್ತರ ಹೋಗದಿದ್ದರೆ ಅನುಮತಿ ಕೊಟ್ಟಂತೆಯೇ. ಈ ಟವರಿಗೆ ಅವರು ಬೇಡವೆಂದೇ ಬರೆದಿದ್ದರು. ಪತ್ರ ಹೊರಟದ್ದು ಅರವತ್ತೆರಡನೇ ದಿನ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಇನ್ಸ್‌ಪೆಕ್ಟರ್ ಟಪಾಲು ರಿಜಿಸ್ಟರ್ ತೆರೆದರು. ಪುಟ ಪುಟದಲ್ಲೂ ಸೋಮವಾರದ ಮೊಹರುಗಳೇ. ವಾರವಿಡೀ ಬಂದ ಕಾಗದ ಟ್ರೇಯಲ್ಲಿ ಬಿದ್ದಿರುವುದು, ಸೋಮವಾರ ಒಟ್ಟಿಗೆ ಮೊಹರು ಹಾಕುವುದು ಇಲ್ಲಿನ ಮೂವತ್ತು ವರ್ಷದ ಪದ್ಧತಿ. ಕಂಪನಿ ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದ್ದು ಬುಧವಾರ, ಅದರ ಪ್ರತಿಗೆ ಮೊಹರು ಬಿದ್ದದ್ದು ಐದು ದಿನದ ನಂತರ. ಗುಮಾಸ್ತನ ಲೆಕ್ಕದಲ್ಲಿ ಪತ್ರ ಐವತ್ತೇಳನೇ ದಿನವೇ ಹೋಗಿತ್ತು.

ಇದು ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲವೆಂದು ಕೇಳಿದರೆ, ತಪ್ಪು ಎಲ್ಲರ ತಲೆಗೂ ಬರುತ್ತಿತ್ತಲ್ಲ ಎಂದರು ಅಧಿಕಾರಿ. ಹೀಗೆ ಒಬ್ಬನ ತಲೆಗೇ ಬಂತು. ಥೂ!

ಗುಮಾಸ್ತ ಮೇಜಿನ ಮುಂದೆಯೇ ಕೂತಿದ್ದ. ಸೋಮವಾರ ಮಧ್ಯಾಹ್ನ ಅರ್ಧ ದಿನದ ರಜೆಗೆ ಅರ್ಜಿಯನ್ನೂ ಕೊಟ್ಟಿದ್ದ, ಸ್ವಂತ ಕೆಲಸದ ನಿಮಿತ್ತ ಎಂದು. ಕಟ್ಟರ್ ಅವನ ಡ್ರಾಯರಿನಲ್ಲೇ ಸಿಕ್ಕಿತು.

"ಎರಡೂಕಾಲಕ್ಕೆ ಎಲ್ಲಿದ್ರಿ?"

"ಟವರ್ ಹತ್ರ."

"ಯಾಕೆ?"

"ದುಡ್ಡು ತಿಂದೋನು ಅದನ್ನ ಕತ್ತರಿಸ್ತಾನಾ, ನೀವೇ ಹೇಳಿ."

"ಟ್ರೇ ವಿಷಯ ಅಕ್ಕನಿಗೆ ಹೇಳ್ಬಹುದಿತ್ತಲ್ಲ?"

"ಹೇಳ್ದೆ. ಕತೆ ಕಟ್ಟಬೇಡ ಅಂದ್ಲು."

ಐದೂ ನಲವತ್ತಕ್ಕೆ ಬಂಧನ. ಮನೆಯವರಿಗೆ ತಿಳಿಸಲು ಇನ್ಸ್‌ಪೆಕ್ಟರ್ ತಾವೇ ಹೋಗಿ, ಅಕ್ಕನ ಮುಂದೆ ರಿಜಿಸ್ಟರ್ ಬಿಡಿಸಿ ತೋರಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಈ ಮಾನ ಹೋದದ್ದು ಒಂದು ಟ್ರೇಗೆ. ಅವಳು ಬಹಳ ಹೊತ್ತು ಆ ಮೊಹರುಗಳನ್ನೇ ನೋಡಿದಳು.

ಠಾಣೆಗೆ ಮರಳಿ ಇನ್ಸ್‌ಪೆಕ್ಟರ್ ಗುಮಾಸ್ತನಿಗೆ ಅವನ ಹಕ್ಕು ತಿಳಿಸಿದರು. ಅರವತ್ತು ದಿನದೊಳಗೆ ಆರೋಪಪಟ್ಟಿ ಹೋಗದಿದ್ದರೆ ಜಾಮೀನು ಸಿಗುತ್ತದೆ.

"ಎಣಿಕೆ ಯಾವತ್ತಿಂದ, ಮೇಡಂ?"

"ನಾಳೆ ಕೋರ್ಟಿಗೆ ಕರ್ಕೊಂಡು ಹೋಗ್ತೀವಲ್ಲ, ನಾಳೆಯಿಂದಾನೇ." ಎದ್ದು ನಿಂತು ಹೇಳಿದರು, "ನಿಮ್ಮಕ್ಕ, ಇವತ್ತು ಊಟಕ್ಕೆ ಬರ್ತಾನಾ ಅಂತ ಕೇಳಿದ್ರು."

ಅಷ್ಟು ಹೊತ್ತು ತಡವರಿಸದೆ ಉತ್ತರ ಕೊಟ್ಟವನು ಬೆಂಚಿನಿಂದ ಅರ್ಧ ಎದ್ದ.

"ಬಾಯಿ ಬಿಟ್ಟು ಕೇಳಿದ್ಲಾ?"

ಅದೇ ಹೊತ್ತಿಗೆ ಕಂಪನಿಯವರು ತಂತಿ ಜೋಡಿಸಿ ಮುಗಿಸಿ, ಜನರೇಟರ್ ಚಾಲು ಮಾಡಿದರು.