ಕೆಡದ ಕಂಟ್ರೋಲ್

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ರಸ್ತೆಯಲ್ಲಿ ದತ್ತಾತ್ರಿಯ ರೇಡಿಯೋ ರಿಪೇರಿ ಅಂಗಡಿ. ಬೀಗರು ಬರಲಿ, ಅಂಚೆಯವನು ಬರಲಿ, ಆತ ಕೇಳುವ ಪ್ರಶ್ನೆ ಒಂದೇ: “ಏನ್ ಕೆಟ್ಟದ?” ಕಣ್ಣಿಗೆ ಪೊರೆ ಬಂದ ಮೇಲೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಿವಿಯಿಂದಷ್ಟೇ ದುಡಿಯುತ್ತಿದ್ದ. ಸೋಲ್ಡರಿಂಗ್ ಕಡ್ಡಿ ಮಗಳು ಸುಗಂಧಾಳ ಕೈ ಸೇರಿತ್ತು.

ಎಂಬತ್ತಮೂರರ ಮದುವೆ ಸೀಜನ್ನಿನಲ್ಲಿ ಆ ಅಂಗಡಿಗೆ ಪದೇ ಪದೇ ಬಂದ ರೋಗಿ ಎಂದರೆ ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರ್. ಹೊತ್ತು ತರುತ್ತಿದ್ದವನು ನಾರಾಯಣಪುರದ ದೇವಿದಾಸ. ಬಸವಕಲ್ಯಾಣದ ಜಲಾಲುದ್ದೀನನ ಆರ್ಕೆಸ್ಟ್ರಾದಲ್ಲಿ ಬಾರಿಸುವವನು. ಬಸವಕಲ್ಯಾಣದಲ್ಲಿ ರಿಪೇರಿಯವರು ಇರಲಿಲ್ಲವೇ? ಬೇಕಾದಷ್ಟು ಮಂದಿ ಇದ್ದರು. ಸುಗಂಧಾ ಅದನ್ನು ಯೋಚಿಸಿದ್ದಳು, ಕೇಳಿರಲಿಲ್ಲ. ಕೇಳಿಬಿಟ್ಟರೆ ಅವನು ಅಲ್ಲಿಗೇ ಹೋದಾನು.

ಈಗ ಕೇಳಲು ಹೊತ್ತೂ ಇರಲಿಲ್ಲ. ಶುಕ್ರವಾರ ಮನ್ನಾಏಖೇಳ್ಳಿಯವರು ಕನ್ಯಾ ನೋಡಲು ಬರುವವರಿದ್ದರು. ದತ್ತಾತ್ರಿ ಅದನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿಯಾಗಿತ್ತು, ದೇವಿದಾಸನಿಗೂ.

“ಈ ಸಲ ಏನ್ರಿ?” ಎಂದಳು.

“ಗುಂಯ್ ಅಂತದ್ರಿ. ದನಿ ಏರಿಸಿದ್ರ ಖರ್ ಖರ್. ನಿನ್ನಿ ಮದುವ್ಯಾಗ ಮದುಮಗ ಬೆಚ್ಚಿಬಿದ್ದ.”

“ಮದುಮಗ ಹ್ಯಾಂಗೂ ಬೆಚ್ಚೇ ಇರ್ತಾನ. ಗಿಟಾರಿನ ಮ್ಯಾಲ ಯಾಕ ದೂರು?”

ಅವನು ನಕ್ಕ. ನಗುವಾಗ ಕೆಳಗೆ ನೋಡುವ ಚಾಳಿ ಅವನದು. ಅಷ್ಟು ಹೊತ್ತು ಅವಳು ಅವನನ್ನು ಧಾರಾಳವಾಗಿ ನೋಡಬಹುದಿತ್ತು, ನೋಡಿದಳು.

ಆಮೇಲೆ ಹೈದರಾಬಾದಿನಿಂದ ತರಿಸಿದ್ದನ್ನೆಲ್ಲ ಮೇಜಿನ ಮೇಲೆ ಹರಡಿದಳು. ಜಾಲರಿ ಸುತ್ತಿದ ಶೀಲ್ಡ್ ವೈರ್, ಕಡಲೆಕಾಳಿನಷ್ಟು ಕಂಡೆನ್ಸರ್, ಎರಡು ಬಗೆಯ ವಾಲ್ಯೂಮ್ ಕಂಟ್ರೋಲ್.

“ಈ ಕಂಟ್ರೋಲ್ ರೇಡಿಯೋಕ್ಕ ಹಾಕೋದು. ಧೂಳು ಕುಂತ್ರ ಮುಂದಿನ ಸೀಜನ್ನಿಗೆ ಮತ್ತ ಖರ್ ಅಂತದ. ಇದು ಸೀಲ್ ಮಾಡಿದ್ದು. ನೀವು ಮುದುಕ ಆದ್ರೂ ಕೆಡಂಗಿಲ್ಲ. ಯಾವ್ದು ಹಾಕ್ಲಿ?”

ದೇವಿದಾಸ ಎರಡನ್ನೂ ತಿರುವಿ ತಿರುವಿ ನೋಡಿದ. ಮೊದಲನೆಯದನ್ನು ಅವಳ ಕಡೆ ಸರಿಸಿದ. “ಇದನ್ನ ಹಾಕ್ರಿ.”

ಸುಗಂಧಾಳಿಗೆ ಚುರುಕ್ ಎಂದಿತು. “ನಾ ಮಾಡಿದ ಕೆಲಸ ಮಂದಿ ಮುಂದ ಖರ್ ಅನಬೇಕೇನ್ರಿ?” ಎಂದವಳೇ ಸೀಲ್ ಮಾಡಿದ್ದನ್ನೇ ಎತ್ತಿಕೊಂಡಳು. ಗಿಟಾರಿನ ಒಳಗಿನ ಹಳೆಯ ವೈರುಗಳನ್ನೆಲ್ಲ ಕಿತ್ತು ಹೊಸವನ್ನು ಬೆಸೆಯುತ್ತಾ ಹೋದಳು. ಹೊಗೆ ನೇರ ಅವನ ಕಣ್ಣಿಗೆ ಹೋಗುತ್ತಿತ್ತು. ಅವನು ಸರಿಯಲೂ ಇಲ್ಲ.

ಕೊನೆಗೆ ಉಳಿದದ್ದು ಗುಂಯ್ ಸದ್ದನ್ನು ಅಡಗಿಸುವ ಅರ್ಥಿಂಗ್ ತಂತಿ ಒಂದೇ. ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ಸ್ವಿಚ್ ಒತ್ತಿದಳು. ಗುಂಯ್ ಎನ್ನುವ ಸದ್ದು ಅಂಗಡಿಯನ್ನೆಲ್ಲ ತುಂಬಿತು. ಬಾಗಿಲಲ್ಲಿದ್ದ ದತ್ತಾತ್ರಿ ಮುಖ ಕಿವುಚಿದ.

ಆ ಸದ್ದಿನ ಮರೆಯಲ್ಲಿ ದೇವಿದಾಸನಿಗೆ ಧೈರ್ಯ ಬಂತು. ಬಗ್ಗಿ ಅಂದ, “ನಿಮ್ಮ ಕೆಲಸಕ್ಕ ನಾ ಹೆಸರಿಡ್ಲಿಲ್ರಿ. ಆದ್ರ ಇದು ಕೆಡಂಗೇ ಇಲ್ಲಂದ್ರ...”

ಅವಳು ಆ ತಂತಿಯ ತುದಿಯನ್ನು ಗಿಟಾರಿನ ಲೋಹದ ಬ್ರಿಜ್ಜಿಗೆ ಮುಟ್ಟಿಸಿದಳು. ಸದ್ದು ಥಟ್ಟನೆ ನಿಂತಿತು.

“...ನಿಮ್ಮನ್ನ ನೋಡಾಕ ನಾ ಏನ್ ನೆಪ ಹೇಳಿ ಬರ್ಲಿ?”

ಮಾತು ಬಾಗಿಲತನಕ ಸ್ವಚ್ಛವಾಗಿ ಹೋಯಿತು. ದತ್ತಾತ್ರಿ ಹೊರಗಿನ ರಸ್ತೆಯನ್ನು, ಅಂದರೆ ಅವನಿಗೆ ಕಾಣದ ರಸ್ತೆಯನ್ನು, ಬಹಳ ಆಸ್ಥೆಯಿಂದ ನೋಡತೊಡಗಿದ. ದೇವಿದಾಸನ ಕಿವಿಗಳು ಗಿಟಾರಿನ ಬಣ್ಣಕ್ಕೆ ತಿರುಗಿದವು.

ಸುಗಂಧಾ ತಂತಿಯನ್ನು ಮೆಲ್ಲಗೆ ಎತ್ತಿದಳು. ಗುಂಯ್ ಮತ್ತೆ ಶುರುವಾಯಿತು. ಆ ಗದ್ದಲದೊಳಗೆ, ತಲೆ ಎತ್ತದೆ, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು:

“ನೆಪ ಯಾಕ ಬೇಕ್ರಿ? ಗಿಟಾರ್ ಮನ್ಯಾಗ ಬಿಟ್ಟು ಬರ್ರಿ. ಅವ್ವನ್ನ ಕರ್ಕೊಂಡು ಬರ್ರಿ. ಶುಕ್ರವಾರಕ್ಕಿಂತ ಮೊದಲ.”

ಅಷ್ಟು ಹೇಳಿ ತಂತಿಯನ್ನು ಗಟ್ಟಿಯಾಗಿ ಬೆಸೆದುಬಿಟ್ಟಳು. ಇನ್ನು ಆ ಅಂಗಡಿಯಲ್ಲಿ ಗುಟ್ಟು ಹೇಳಲು ಯಾವ ಮರೆಯೂ ಉಳಿಯಲಿಲ್ಲ.

ಮರುದಿನ, ಬುಧವಾರ, ಯಾರೂ ಬರಲಿಲ್ಲ. ಗುರುವಾರ ಮುಂಜಾನೆಯ ಬಸವಕಲ್ಯಾಣದ ಬಸ್ಸು ಯಾರನ್ನೂ ಇಳಿಸದೆ ಹೋಯಿತು. ಸುಗಂಧಾ ಯಾರದೋ ಟ್ರಾನ್ಸಿಸ್ಟರನ್ನು ಬಿಚ್ಚಿದಳು, ಕೂಡಿಸಿದಳು, ಮತ್ತೆ ಬಿಚ್ಚಿದಳು. ಅದಕ್ಕೇನೂ ಆಗಿರಲಿಲ್ಲ. ಒಳ್ಳೆಯ ಕಂಟ್ರೋಲ್ ಹಾಕಿ ತಪ್ಪು ಮಾಡಿದೆನೇನೋ ಎಂದು ಮೊದಲ ಸಲ ಅನ್ನಿಸಿತು.

ಮಧ್ಯಾಹ್ನದ ಬಸ್ಸಿನಿಂದ ಇಳಿದ ದೇವಿದಾಸನ ಹೆಗಲು ಬರಿದಾಗಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವ್ವನ ಚೀಲವನ್ನು ಕಸಿದುಕೊಂಡಿದ್ದ. ಅವನ ಅವ್ವ ಶೇವಂತಾಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು.

ಹೆಜ್ಜೆಯ ಸದ್ದಿಗೇ ದತ್ತಾತ್ರಿ ಗುರುತು ಹಿಡಿದ. ಆದರೂ ಪದ್ಧತಿ ಬಿಡಲಿಲ್ಲ. “ಏನ್ ಕೆಟ್ಟದ ತಮ್ಮಾ?”

“ಏನೂ ಕೆಟ್ಟಿಲ್ರಿ,” ಎಂದ ದೇವಿದಾಸ.

“ನಿಮ್ಮ ಮಗಳನ್ನ ಕೇಳಾಕ ಬಂದೀವ್ರಿ ಅಣ್ಣಾ,” ಎಂದಳು ಶೇವಂತಾಬಾಯಿ.

ಒಳಗೆ ಸುಗಂಧಾ ಸೋಲ್ಡರಿಂಗ್ ಕಡ್ಡಿಯ ಸ್ವಿಚ್ ಆರಿಸಿದಳು.

“ಮನ್ನಾಏಖೇಳ್ಳಿಗೆ ಇವತ್ತ ಹೇಳಿ ಕಳಿಸ್ಬೇಕು, ಪಾಪ ನಾಳೆ ಸುಮ್ನ ಬಂದಾರು,” ಎಂದು ದತ್ತಾತ್ರಿ ತನಗೆ ತಾನೇ ಅಂದುಕೊಂಡ. ಆಮೇಲೆ ಒಳಗಿನ ಕಡೆ ತಿರುಗಿ ಕೂಗಿದ:

“ಸುಗಂಧಾ! ಏನೂ ಕೆಟ್ಟಿಲ್ಲಂತ ನೋಡವ್ವಾ. ಚಹಾ ಇಡು.”